ನೀರಿನ ಆಳ ಅಳೆದ ಚಿತ್ರಕಾರ

ಎಂಟನೇ ತರಗತಿಯಲ್ಲಿ ಭಾರತದ ನಕ್ಷೆ ಬಿಡಿಸುವಾಗ ನನ್ನ ಪೆನ್ಸಿಲ್ ಗುಜರಾತಿನ ಹತ್ತಿರ ಬಂದು ನಿಲ್ಲುತ್ತಿತ್ತು. ಕಚ್ಛ್, ಕಾಠಿಯಾವಾಡದ ತಿರುವುಗಳು ಒಂದು ಸಲವೂ ಸರಿ ಬರಲಿಲ್ಲ. ಮೊಟ್ಟಮೊದಲು ಇಂಥ ಕರಾವಳಿಗಳನ್ನು ಯಾರು, ಎಲ್ಲಿ ನಿಂತು ನೋಡಿ ಬರೆದಿರಬಹುದು ಎಂದು ಆಗ ಯೋಚಿಸಿದ್ದುಂಟು. ಅಂಥ ಕೆಲಸ ಮಾಡಿದವರೊಬ್ಬರ ಪರಿಚಯ ನನಗಾದದ್ದು ಬಹಳ ವರ್ಷಗಳ ಮೇಲೆ. ಅವರೇ ರಿಚರ್ಡ್ ಬ್ರಿಜಸ್ ಬೀಚಿ. ಹೆಸರು ಕೇಳಿ ನಮ್ಮ ತಿಮ್ಮನ ಬೀಚಿಯವರನ್ನು ನೆನೆಯಬೇಡಿ. ಇವರು ಬ್ರಿಟಿಷ್ ನೌಕಾಪಡೆಯ ಅಧಿಕಾರಿ.

ಹುಟ್ಟಿದ್ದು 1808ರಲ್ಲಿ. ತಂದೆ ಸರ್ ವಿಲಿಯಂ ಬೀಚಿ ಲಂಡನ್ನಿನ ಹೆಸರಾಂತ ಭಾವಚಿತ್ರಕಾರರು. ತಾಯಿಯೂ ಚಿತ್ರ ಬರೆಯುತ್ತಿದ್ದರು. ಅಣ್ಣ ಜಾರ್ಜ್ ಭಾರತಕ್ಕೆ ಬಂದು ಲಖನೌದಲ್ಲಿ ಅವಧ್ ದರ್ಬಾರಿನ ಚಿತ್ರಕಾರರಾದರು. ಇಂಥ ಮನೆಯ ಹುಡುಗ 1822ರಲ್ಲಿ ಪೋರ್ಟ್ಸ್‌ಮತ್‌ನ ನೌಕಾ ಕಾಲೇಜಿಗೆ ಸೇರಿದರು. ಕುಂಚ ಮಾತ್ರ ಕೈಬಿಡಲಿಲ್ಲ. ನಾನಾದರೋ ಬಿ.ಇ. ಸೇರಿದ ವರ್ಷವೇ ಬಣ್ಣದ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದವನು.

1825ರಲ್ಲಿ ಇನ್ನೊಬ್ಬ ಅಣ್ಣ ಫ್ರೆಡರಿಕ್ ನಾಯಕರಾಗಿದ್ದ 'ಬ್ಲಾಸಮ್' ಹಡಗಿನಲ್ಲಿ ಪೆಸಿಫಿಕ್ ಸಾಗರಕ್ಕೆ ಹೊರಟರು. ಆರ್ಕ್ಟಿಕ್ ತೀರದಲ್ಲಿ ನೆಲದ ಮೇಲಿಂದ ಬರುವ ಫ್ರಾಂಕ್ಲಿನ್ ತಂಡವನ್ನು ಬೇರಿಂಗ್ ಜಲಸಂಧಿಯ ಕಡೆ ಕಾದು ಕೂಡಿಕೊಳ್ಳಬೇಕಿತ್ತು. ಎರಡು ಬೇಸಿಗೆ ಕಾದರೂ ಅವರು ಬರಲಿಲ್ಲ, ಅರ್ಧದಾರಿಯಲ್ಲೇ ಹಿಂದಿರುಗಿದ್ದರು. ಆ ಪ್ರಯಾಣದಲ್ಲಿ ಬೀಚಿಯವರು ಕಂಡದ್ದನ್ನೆಲ್ಲ ಬರೆದರು. 1826ರ ಸ್ಯಾನ್ ಫ್ರಾನ್ಸಿಸ್ಕೋದ ಚಿತ್ರವೂ ಅವುಗಳಲ್ಲಿದೆ. ನಮ್ಮ ಐಟಿಯವರೆಲ್ಲ ಕನಸು ಕಾಣುವ ಆ ಊರಿನಲ್ಲಿ ಆಗ ಇದ್ದದ್ದು ಮೆಕ್ಸಿಕೋದವರ ಒಂದು ಸಣ್ಣ ಸೇನಾಠಾಣ್ಯ!

ಅವರ ಬದುಕಿನ ದೊಡ್ಡ ಪಾಲು ಕಳೆದದ್ದು ಐರ್ಲೆಂಡಿನಲ್ಲಿ. 1830ರ ದಶಕದಲ್ಲಿ ಅಲ್ಲಿನ ಜಲ ಸರ್ವೆಗೆ ಅವರನ್ನು ಹಾಕಿದರು. ಶಾನನ್ ನದಿಯ ಹರಿವಿನಲ್ಲಿರುವ ಲಾಕ್ ರೀ ಎಂಬ ದೊಡ್ಡ ಸರೋವರವನ್ನು ಕಮಾಂಡರ್ ಜೇಮ್ಸ್ ವುಲ್ಫ್ ಜೊತೆ 1837ರಲ್ಲಿ ಅಳೆದರು. ಆಗಿನ ಅಳತೆಯೆಂದರೆ ದೋಣಿಯಿಂದ ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಇಳಿಬಿಡುವುದು. ಗುಂಡಿನ ತಳಕ್ಕೆ ಕೊಬ್ಬು ಮೆತ್ತಿರುತ್ತಿದ್ದರು. ಅದಕ್ಕೆ ಅಂಟಿ ಬಂದದ್ದು ಮರಳೋ ಕೆಸರೋ ನೋಡಿ ತಳದ ಗುಣ ತಿಳಿಯುತ್ತಿತ್ತು. ದಡದ ಗುರುತುಗಳ ನಡುವಿನ ಕೋನ ಹಿಡಿದು ದೋಣಿ ಇರುವ ಜಾಗ ಗೊತ್ತುಮಾಡಬೇಕು. ಮುಂದೆ ಹೋಗಿ ಮತ್ತೆ ಗುಂಡು ಇಳಿಸಬೇಕು. ಹೀಗೆ ಸಾವಿರಾರು ಸಲ. ಸಮುದ್ರದ ಕಡೆಯಿಂದ ದಡ ಹೇಗೆ ಕಾಣುತ್ತದೆಂದು ಬರೆಯುವುದೂ ಸರ್ವೆಯವರ ಕೆಲಸವೇ ಆಗಿತ್ತು. ಅದರಲ್ಲಿ ಬೆಟ್ಟದ ಒಂದು ಗೆರೆ ತಪ್ಪಿದರೂ ಅದನ್ನು ನಂಬಿದ ಹಡಗು ಬಂಡೆಗೆ ಬಡಿದೀತು. ನಾವು ಕೋಡ್ ಬರೆಯುವಾಗ ತಪ್ಪಿದರೆ ಮರುದಿನ ತಿದ್ದುತ್ತೇವೆ. ಅವರಿಗೆ ಆ ಸೌಕರ್ಯ ಇರಲಿಲ್ಲ.

ಈ ಅಭ್ಯಾಸವೇ ಅವರ ತೈಲಚಿತ್ರಗಳಿಗೆ ಬಂತು. ಐರ್ಲೆಂಡಿನ ಕಡಿದಾದ ಬಂಡೆಗಳು, ದೀಪಸ್ತಂಭಗಳು, ಬಿರುಗಾಳಿಗೆ ಸಿಕ್ಕ ಹಾಯಿಹಡಗುಗಳು ಅವರ ವಸ್ತು. ಅಲೆಯನ್ನು ಚೆಂದಕ್ಕಾಗಿ ಬರೆದಿಲ್ಲ ಎಂಬುದು ನನ್ನ ಅನಿಸಿಕೆ. ನೀರು ಎಲ್ಲಿ ಆಳ ಕಡಿಮೆಯಾಗುತ್ತದೋ ಅಲ್ಲಿಯೇ ಅಲೆ ಒಡೆಯುತ್ತದೆ. ಅದು ಆ ಗುಂಡು ಇಳಿಸಿದ ಕೈಗೆ ಗೊತ್ತಿತ್ತು. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಅವರ ಚಿತ್ರಗಳು ಪ್ರದರ್ಶನಗೊಂಡವು. ಡಬ್ಲಿನ್ನಿನ ರಾಯಲ್ ಹೈಬರ್ನಿಯನ್ ಅಕಾಡೆಮಿ 1868ರಲ್ಲಿ ಗೌರವ ಸದಸ್ಯತ್ವ ನೀಡಿತು. ನಿವೃತ್ತರ ಪಟ್ಟಿಯಲ್ಲಿದ್ದಾಗಲೇ 1885ರಲ್ಲಿ ಅಡ್ಮಿರಲ್ ಪದವಿಯೂ ಬಂತು.

1895ರಲ್ಲಿ ಬೀಚಿಯವರು ತೀರಿಕೊಂಡರು. ಅವರು ಹೋದ ಮೇಲೂ ಬಹಳ ಕಾಲ ಲಾಕ್ ರೀಯಲ್ಲಿ ದೋಣಿ ನಡೆಸುವವರು ಬಂಡೆ ತಪ್ಪಿಸಿಕೊಳ್ಳಲು 1837ರ ಆ ನಕ್ಷೆಯನ್ನೇ ನೋಡುತ್ತಿದ್ದರು.