ಪಂಡಿತಾ ರಮಾಬಾಯಿಯವರ ಚರಿತ್ರೆ

ಸ್ತ್ರೀಯರಿಗೆ ವಿದ್ಯೆಯು ಬೇಕೆಂಬುದನ್ನು ನಾವೆಲ್ಲರೂ ಒಪ್ಪುವೆವು. ಆ ವಿದ್ಯೆಯು ಹಸಿದ ದಿನ ಕೈಹಿಡಿಯಬಲ್ಲುದೇ ಎಂದು ಕೇಳಿದವರು ವಿರಳ. ಸ್ವಂತ ಹಸಿವಿನಿಂದಲೇ ಈ ಪ್ರಶ್ನೆಯನ್ನು ಅರಿತವರು ಪಂಡಿತಾ ರಮಾಬಾಯಿಯವರು.

ಅವರು 1858ನೆಯ ಇಸವಿಯಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಕಡೆಯ ಮಾಳದವರು. ಜನರ ಆಕ್ಷೇಪಣೆಯನ್ನು ಲೆಕ್ಕಿಸದೆ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದ ಧೀರರು. ತಾಯಿಯವರು ಅದನ್ನು ಮಗಳಿಗೆ ಧಾರೆಯೆರೆದರು. ಕುಟುಂಬವು ಊರೂರು ಸಂಚರಿಸಿ, ಪುರಾಣ ಹೇಳಿ, ಜನರು ಕೊಟ್ಟುದರಲ್ಲಿ ಜೀವಿಸುತ್ತಿತ್ತು. ಕ್ಷಾಮವೊದಗಿದಾಗ ಕೇಳುವವರೂ ಕೊಡುವವರೂ ಇಲ್ಲವಾದರು. ಸಹಸ್ರಾರು ಶ್ಲೋಕಗಳನ್ನು ಕಂಠಸ್ಥ ಮಾಡಿದ್ದ ಆ ಸಂಸಾರದಲ್ಲಿ ಕೂಲಿಗೆ ಹೋಗಬಲ್ಲ ಒಂದು ಕೈಯೂ ಇರಲಿಲ್ಲ. ಮೈಮುರಿದು ದುಡಿಯುವುದು ಕುಲಕ್ಕೆ ಕುಂದೆಂಬ ಭಾವನೆಯೂ ಅಡ್ಡಬಂದಿತು. ಕಾಯಕವನ್ನು ಹಿರಿದೆಂದು ನಂಬಿದ ನಮಗೆ ಈ ಸಂಗತಿಯು ಮನಮುಟ್ಟದೆ ಇರದು. 1874ರಲ್ಲಿ ತಂದೆತಾಯಿಗಳಿಬ್ಬರೂ ತೀರಿಹೋದರು.

ಅಣ್ಣನೊಡನೆ ದೇಶವನ್ನು ಸುತ್ತಿ 1878ರಲ್ಲಿ ಕಲಕತ್ತೆಗೆ ಬಂದ ಆಕೆಗೆ ಅಲ್ಲಿಯ ವಿದ್ವಾಂಸರು ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ವಿವಾಹ, 1882ರಲ್ಲಿ ವೈಧವ್ಯ, ಕಂಕುಳಲ್ಲಿ ಹಸುಗೂಸು. ಅದೇ ವರುಷ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹೆಂಗಸರನ್ನು ಉಪಾಧ್ಯಾಯಿನಿಯರನ್ನಾಗಿಯೂ ವೈದ್ಯರನ್ನಾಗಿಯೂ ತಯಾರಿಸಬೇಕೆಂದು ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದರು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಅಮೇರಿಕದಲ್ಲಿ ಧನಸಹಾಯವನ್ನು ಪಡೆದು ಮರಳಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅದು ಪುಣೆಗೆ ಸ್ಥಳಾಂತರವಾದ ಬಳಿಕ, ಮತಾಂತರದ ಶಂಕೆಯಿಂದ 1893ರಲ್ಲಿ ಅನೇಕ ಪಾಲಕರು ತಮ್ಮ ಹೆಣ್ಣುಮಕ್ಕಳನ್ನು ಹಿಂದಕ್ಕೆ ಕರೆದೊಯ್ದರು. ಆ ವಾದವನ್ನು ಇಲ್ಲಿ ಎತ್ತುವುದು ನಮ್ಮ ಉದ್ದೇಶವಲ್ಲ. ಆದರೆ ವಿಧವೆಯರನ್ನು ಮನೆಯ ಮೂಲೆಗೆ ನೂಕಿದವರು ರಮಾಬಾಯಿಯವರ ಮೇಲೆ ಕೋಪಿಸಿಕೊಂಡಷ್ಟು ತಮ್ಮ ಮೇಲೆ ಕೋಪಿಸಿಕೊಳ್ಳಲಿಲ್ಲವೆಂದು ಹೇಳಲೇಬೇಕು.

1897ರ ಕ್ಷಾಮದಲ್ಲಿ ಆಕೆಯು ಮಧ್ಯಪ್ರಾಂತಕ್ಕೆ ತೆರಳಿ, ಅನಾಥರಾದ ನೂರಾರು ಬಾಲಿಕೆಯರನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವದಲ್ಲಿ ಆಶ್ರಯವಿತ್ತರು. ಅದೇ ಮುಕ್ತಿ ಸದನವು. ಅಲ್ಲಿ ಅಕ್ಷರದೊಡನೆ ನೇಯ್ಗೆ, ಹೊಲಿಗೆ, ಒಕ್ಕಲುತನ, ಹೈನು, ಅಚ್ಚುಕೂಟದ ಕೆಲಸ ಇವೆಲ್ಲವನ್ನೂ ಕಲಿಸಲಾಯಿತು. ಕುರುಡರಿಗೂ ಬುಟ್ಟಿ ಹೆಣೆಯುವ ಕಸಬನ್ನು ಕಲಿಸದೆ ಬಿಡಲಿಲ್ಲ. ಬಾಲ್ಯದಲ್ಲಿ ತಮ್ಮ ಮನೆಯಲ್ಲಿಲ್ಲದಿದ್ದುದನ್ನು ಆಕೆಯು ಆ ಅನಾಥೆಯರಿಗೆ ದೊರಕಿಸಿದರು.

1912ರಲ್ಲಿ ಕಲಬುರಗಿಯಲ್ಲಿಯೂ ಒಂದು ಶಾಲೆಯನ್ನು ತೆರೆದು ಮಗಳು ಮನೋರಮೆಗೆ ವಹಿಸಿದರು. ಆ ಮಗಳು 1921ರಲ್ಲಿ ಗತಿಸಿದಳು. ಮರುವರುಷ ಏಪ್ರಿಲ್ 5ರಂದು ತಾಯಿಯೂ ಕಣ್ಣುಮುಚ್ಚಿದರು. ಅವರು ಮರಾಠಿಗೆ ಪರಿವರ್ತಿಸಿದ ಬೈಬಲ್ಲು ಆಗಿನ್ನೂ ಅಚ್ಚಿನಲ್ಲಿತ್ತು. ಅದರ ಮೊಳೆಗಳನ್ನು ಜೋಡಿಸುತ್ತಿದ್ದವರು ಆ ಸದನದ ಹೆಣ್ಣುಮಕ್ಕಳು.