ಎಲ್.ಟಿ.ಸಿ. ರೋಲ್ಟ್

ಲಯನೆಲ್ ಥಾಮಸ್ ಕ್ಯಾಸ್‌ವಾಲ್ ರೋಲ್ಟ್ (11 ಫೆಬ್ರವರಿ 1910 – 9 ಮೇ 1974) ಇಂಗ್ಲೆಂಡಿನ ಲೇಖಕರು ಹಾಗೂ ಎಂಜಿನಿಯರು. ಮುಚ್ಚುವ ಸ್ಥಿತಿಗೆ ಬಂದಿದ್ದ ಉಗಿಬಂಡಿಯ ಮಾರ್ಗವೊಂದನ್ನು ಸ್ವಯಂಸೇವಕರೇ ಉಳಿಸಿ ನಡೆಸಬಹುದೆಂದು ಜಗತ್ತಿಗೆ ಮೊದಲು ತೋರಿಸಿದವರಲ್ಲಿ ಇವರು ಪ್ರಮುಖರು.

ಆರಂಭಿಕ ಜೀವನ

ರೋಲ್ಟ್ ಚೆಸ್ಟರ್ ನಗರದಲ್ಲಿ ಜನಿಸಿದರು. ಸ್ಟೋಕ್-ಆನ್-ಟ್ರೆಂಟ್‌ನಲ್ಲಿದ್ದ ಕೆರ್ ಸ್ಟುವರ್ಟ್ ರೈಲು ಎಂಜಿನ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿತರು. 1930ರಲ್ಲಿ ಆ ಕಾರ್ಖಾನೆ ದಿವಾಳಿಯಾಯಿತು. 1939ರಲ್ಲಿ ಏಂಜೆಲಾ ಅವರನ್ನು ವಿವಾಹವಾಗಿ, 'ಕ್ರೆಸಿ' ಎಂಬ ಕಾಲುವೆ ದೋಣಿಯನ್ನೇ ಮನೆಯಾಗಿಸಿಕೊಂಡರು. ಈ ಬದುಕನ್ನು ಕುರಿತು 1944ರಲ್ಲಿ ಪ್ರಕಟವಾದ 'ನ್ಯಾರೋ ಬೋಟ್' ಕೃತಿ ಅವರಿಗೆ ಹೆಸರು ತಂದಿತು. 1946ರಲ್ಲಿ ಕಾಲುವೆಗಳ ರಕ್ಷಣೆಗಾಗಿ ಸ್ಥಾಪನೆಯಾದ ಸಂಘಕ್ಕೆ ಅವರು ಸಹಸಂಸ್ಥಾಪಕರು. ಐದೇ ವರ್ಷಗಳಲ್ಲಿ ಭಿನ್ನಾಭಿಪ್ರಾಯ ಬೆಳೆದು ಅದೇ ಸಂಘದಿಂದ ಹೊರಹಾಕಲ್ಪಟ್ಟರು.

ಟಾಲಿಲಿನ್ ರೈಲ್ವೆ

ವೇಲ್ಸ್‌ನ ಟಾಲಿಲಿನ್ ಮಾರ್ಗವು 1860ರ ದಶಕದಲ್ಲಿ ಸ್ಲೇಟ್ ಕಲ್ಲಿನ ಸಾಗಣೆಗಾಗಿ ಹಾಕಿದ್ದು. ಹಳಿಗಳ ಅಂತರ 686 ಮಿ.ಮೀ.; ಮಂಡ್ಯ, ಮದ್ದೂರುಗಳ ಮೂಲಕ ಹಾದುಹೋಗುತ್ತಿದ್ದ ಮೀಟರ್ ಗೇಜ್ ಮಾರ್ಗಕ್ಕಿಂತ ಮಾತ್ರವಲ್ಲ, ಕೋಲಾರದ 762 ಮಿ.ಮೀ. ನ್ಯಾರೋಗೇಜಿಗಿಂತಲೂ ಕಿರಿದು. 1948ರ ರೈಲ್ವೆ ರಾಷ್ಟ್ರೀಕರಣದಲ್ಲಿ ಇದು ಸೇರಲೇ ಇಲ್ಲ. ತಾನು ಬದುಕಿರುವವರೆಗೂ ರೈಲು ಓಡಿಸುವುದಾಗಿ ಮಾಲೀಕ ಸರ್ ಹೆನ್ರಿ ಹೇಡನ್ ಜೋನ್ಸ್ ಮಾತು ಕೊಟ್ಟಿದ್ದರು. 1950ರ ಜುಲೈಯಲ್ಲಿ ಅವರು ತೀರಿಕೊಂಡಾಗ ಓಡುವ ಸ್ಥಿತಿಯಲ್ಲಿದ್ದದ್ದು 1866ರ 'ಡೋಲ್ಗೋಕ್' ಎಂಬ ಒಂದೇ ಎಂಜಿನ್.

ಅದೇ ಅಕ್ಟೋಬರ್‌ನಲ್ಲಿ ರೋಲ್ಟ್ ಮತ್ತು ಗೆಳೆಯರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಾರ್ವಜನಿಕ ಸಭೆ ಕರೆದರು. ಅಲ್ಲಿ ಮೂಡಿದ ಸಂರಕ್ಷಣಾ ಸಂಘವು ಮಾಲೀಕರ ಪತ್ನಿಯ ಸಹಕಾರದಿಂದ ಮಾರ್ಗವನ್ನು ವಹಿಸಿಕೊಂಡು, 14 ಮೇ 1951ರಂದು ರೈಲು ಆರಂಭಿಸಿತು. ರೋಲ್ಟ್ ಅದರ ಜನರಲ್ ಮ್ಯಾನೇಜರ್ ಆದರು. ಸಂಬಳದ ಸಿಬ್ಬಂದಿ ಬೆರಳೆಣಿಕೆಯಷ್ಟು. ಉಳಿದವರು ರಜೆಯ ದಿನಗಳಲ್ಲಿ ಬಂದು ದುಡಿಯುವ ಉತ್ಸಾಹಿಗಳು.

ಉತ್ಸಾಹವೊಂದರಿಂದಲೇ ಸಾಗುವ ಕೆಲಸ ಅದಾಗಿರಲಿಲ್ಲ. ಸ್ಲೀಪರುಗಳು ಕೊಳೆತಿದ್ದವು, ಅನೇಕ ಕಡೆ ಹಳಿಗಳನ್ನು ಹಿಡಿದಿಟ್ಟಿದ್ದದ್ದು ಸುತ್ತ ಬೆಳೆದ ಹುಲ್ಲೇ ಎನ್ನಬಹುದು. ಮುಚ್ಚಿಹೋಗಿದ್ದ ನೆರೆಯ ಕಾರಿಸ್ ರೈಲ್ವೆಯಿಂದ ಎರಡು ಎಂಜಿನ್‌ಗಳನ್ನು ತಲಾ 25 ಪೌಂಡ್‌ಗೆ ಕೊಂಡರು. ಅವುಗಳಲ್ಲಿ 3ನೆಯ ಸಂಖ್ಯೆಯದ್ದನ್ನು ಓಡಿಸಿದಾಗ, ಹಳಿಗಳು ಅಗಲಕ್ಕೆ ಸರಿದಿದ್ದುದರಿಂದಲೂ ಅದರ ಚಕ್ರದ ಪಟ್ಟಿ ಕಿರಿದಾಗಿದ್ದುದರಿಂದಲೂ ಎಂಜಿನ್ ಹಳಿಗಳ ನಡುವೆ ಕುಸಿಯುತ್ತಿತ್ತು. ಹೀಗಾಗಿ ಮೊದಲ ವರ್ಷದ ಭಾರವನ್ನೆಲ್ಲ ಮುದುಕಿ ಡೋಲ್ಗೋಕ್ ಹೊತ್ತಿತು. 4ನೆಯದು, 1921ರಲ್ಲಿ ಅದೇ ಕೆರ್ ಸ್ಟುವರ್ಟ್ ಕಾರ್ಖಾನೆ ತಯಾರಿಸಿದ್ದು, ಲೀಡ್ಸ್‌ನ ಹನ್ಸ್‌ಲೆಟ್ ಕಂಪನಿಯಲ್ಲಿ ಉಚಿತವಾಗಿ ದುರಸ್ತಿಗೊಂಡು 1952ರಲ್ಲಿ ಸೇವೆಗೆ ಬಂತು.

ಎರಡು ಋತುಗಳ ಬಳಿಕ ರೋಲ್ಟ್ ಹುದ್ದೆ ಬಿಟ್ಟು ಬರವಣಿಗೆಗೆ ಮರಳಿದರು. ಸಂಘದ ನಂಟನ್ನು ಮಾತ್ರ ಬಿಡಲಿಲ್ಲ. ಈ ಅನುಭವವನ್ನು 'ರೈಲ್ವೇ ಅಡ್ವೆಂಚರ್' (1953) ಕೃತಿಯಲ್ಲಿ ದಾಖಲಿಸಿದರು. ಅದೇ ವರ್ಷದ 'ದಿ ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್' ಹಾಸ್ಯ ಚಲನಚಿತ್ರಕ್ಕೂ ಟಾಲಿಲಿನ್ ಪ್ರಯತ್ನವೇ ಸ್ಫೂರ್ತಿ. ಥಾಮಸ್ ಎಂಬ ರೈಲು ಎಂಜಿನ್ನಿನ ಮಕ್ಕಳ ಕಥೆಗಳನ್ನು ಬರೆದ ಡಬ್ಲ್ಯು. ಆಡ್ರಿಯವರೂ ಇಲ್ಲಿ ಸ್ವಯಂಸೇವಕರಾಗಿದ್ದರು.

ನಂತರದ ಬದುಕು

ಎಂಜಿನಿಯರ್‌ಗಳ ಜೀವನಚರಿತ್ರೆಕಾರರಾಗಿಯೂ ರೋಲ್ಟ್ ಪ್ರಸಿದ್ಧರು. ಬ್ರೂನೆಲ್ (1957), ಟೆಲ್‌ಫೋರ್ಡ್ (1958) ಹಾಗೂ ಸ್ಟೀಫನ್‌ಸನ್ ತಂದೆ-ಮಗನ (1960) ಕುರಿತ ಕೃತಿಗಳು ಇಂದಿಗೂ ಓದಲ್ಪಡುತ್ತವೆ. ರೈಲು ಅಪಘಾತಗಳ ಇತಿಹಾಸವಾದ 'ರೆಡ್ ಫಾರ್ ಡೇಂಜರ್' 1955ರಲ್ಲಿ ಪ್ರಕಟವಾಯಿತು.

1991ರಲ್ಲಿ ಟಾಲಿಲಿನ್ ರೈಲ್ವೆಯು ಐರ್ಲೆಂಡಿನಿಂದ ತಂದ ಎಂಜಿನ್ ಒಂದರ ಭಾಗಗಳನ್ನು ಬಳಸಿ ತನ್ನ ಕಾರ್ಯಾಗಾರದಲ್ಲಿಯೇ ನಿರ್ಮಿಸಿದ 7ನೆಯ ಎಂಜಿನ್‌ಗೆ 'ಟಾಮ್ ರೋಲ್ಟ್' ಎಂದು ಹೆಸರಿಟ್ಟಿತು.