ಗುರುಗಳಿಗೆ ಗುರುವಾದ ಡೆಪ್ಯುಟಿ ಚನ್ನಬಸಪ್ಪನವರು

ಅನ್ನದಾನದ ಫಲವು ಉಂಡವನ ಹಸಿವಿನೊಡನೆ ತೀರುವುದು. ಅಕ್ಷರದಾನದ ಫಲವು ಕಲಿತವನ ಆಯುಷ್ಯದವರೆಗೆ ನಿಲ್ಲುವುದು. ಅಕ್ಷರವನ್ನು ಕಲಿಸತಕ್ಕ ಗುರುಗಳನ್ನೇ ಸಿದ್ಧಪಡಿಸಿ ನಾಡಿಗೆ ಕೊಟ್ಟವರ ದಾನದ ಫಲವಾದರೋ ತಲೆಮಾರಿನಿಂದ ತಲೆಮಾರಿಗೆ ಹರಿಯುತ್ತಲೇ ಇರುವುದು. ಇಂತಹ ದಾನವನ್ನು ಮಾಡಿ, ತಮಗಾಗಿ ಏನನ್ನೂ ಬಯಸದೆ ಲಿಂಗೈಕ್ಯರಾದ ಮಹನೀಯರಲ್ಲಿ ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು ಅಗ್ರಗಣ್ಯರು.

ಚನ್ನಬಸಪ್ಪನವರು ೧೮೩೪ನೆಯ ಇಸವಿಯಲ್ಲಿ ಧಾರವಾಡದಲ್ಲಿ ಜನಿಸಿದರು. ತಂದೆಯವರ ಹೆಸರು ಬಸಲಿಂಗಪ್ಪ. ೧೮೧೮ರಲ್ಲಿ ಪೇಶವೆಯರ ಆಳಿಕೆಯು ಮುಗಿದು ಆ ಸೀಮೆಯು ಇಂಗ್ಲಿಷರ ಕೈಸೇರಿ ಮುಂಬಯಿ ಇಲಾಖೆಗೆ ಒಳಪಟ್ಟಿದ್ದಿತು. ಆಳುವವರು ಬದಲಾದರೂ ಕಚೇರಿಯ ನುಡಿಯು ಬದಲಾಗಲಿಲ್ಲ. ಲೆಕ್ಕಪತ್ರಗಳು ಮರಾಠಿಯಲ್ಲಿಯೇ ನಡೆಯುತ್ತಿದ್ದವು. ಸರಕಾರದ ಶಾಲೆಗಳಲ್ಲಿಯೂ ಬಹುಮಟ್ಟಿಗೆ ಮರಾಠಿಯೇ ನಡೆಯುತ್ತಿದ್ದಿತು. ಮನೆಯಲ್ಲಿ ತಾಯಿಯೊಡನೆ ಕನ್ನಡವಾಡುವ ಕೂಸು ಶಾಲೆಯ ಹೊಸ್ತಿಲನ್ನು ದಾಟಿದೊಡನೆ ಮೂಕನಾಗುತ್ತಿದ್ದಿತು.

ಸಂಸೆ, ಕಳಸ, ಮೂಡಿಗೆರೆಗಳ ಮಲೆಸೀಮೆಯ ಭಕ್ತರಿಗೆ ಇದು ವಿಚಿತ್ರವಾಗಿ ತೋರಬಹುದು. ಈ ಸೀಮೆಯು ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಶಾಲೆಗಳು ವಿರಳವಾಗಿದ್ದರೂ, ಇದ್ದ ಶಾಲೆಯಲ್ಲಿ ಕನ್ನಡಕ್ಕೆ ಎಡೆಯಿದ್ದಿತು. ಭದ್ರೆಯು ತುಂಗೆಯೊಡನೆ ಕೂಡಿ ಉತ್ತರಕ್ಕೆ ಹರಿದು ಧಾರವಾಡ ಜಿಲ್ಲೆಯ ಅಂದಿನ ಎಲ್ಲೆಯನ್ನು ಮುಟ್ಟುತ್ತಿದ್ದಳು. ಆ ನದಿಯ ಆಚೆಯ ದಡದಲ್ಲಿ ಅದೇ ನುಡಿಯನ್ನಾಡುವ ಒಕ್ಕಲಿನ ಮಕ್ಕಳಿಗೆ ತಮ್ಮ ನುಡಿಯ ಪಾಠವೇ ದುರ್ಲಭವಾಗಿದ್ದಿತು.

ಹಳೆಯ ಪದ್ಧತಿಯ ಮಠಗಳು ಊರೂರಿನಲ್ಲಿಯೂ ಇರಲಿಲ್ಲವೆಂದಲ್ಲ. ಆ ಕಾಲದಲ್ಲಿ ಅಕ್ಷರ ಕಲಿಸುವ ತಾಣಕ್ಕೆ ಮಠವೆಂದೇ ಹೆಸರು. ಕಲಿಸುವವರು ಅನೇಕ ಕಡೆಗಳಲ್ಲಿ ಅಯ್ಯನವರು. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಓನಾಮವನ್ನು ತಿದ್ದುತ್ತಿದ್ದರು. ಮಗ್ಗಿಯನ್ನು ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು. ಊರವರು ಕೊಡುವ ಕಾಳುಕಡಿಯೇ ಅಯ್ಯನವರ ಸಂಬಳ. ಆ ಮಠಗಳು ಬಡವರ ಮಕ್ಕಳಿಗೂ ನಾಲ್ಕಕ್ಷರವನ್ನು ಕೊಟ್ಟ ಉಪಕಾರವನ್ನು ಮರೆಯಲಾಗದು. ಆದರೆ ಅಲ್ಲಿ ಬಾಯಿಪಾಠವೇ ಹೆಚ್ಚು, ಅರ್ಥಬೋಧೆ ಕಡಿಮೆ. ಕೋದಂಡವೇ ಮೊದಲಾದ ಕಠಿನ ಶಿಕ್ಷೆಗಳಿಗೆ ಹೆದರಿ ಮಠಕ್ಕೆ ಬೆನ್ನು ತಿರುಗಿಸಿದ ಮಕ್ಕಳೂ ಬಹಳ. ಭೂಗೋಲ, ಇತಿಹಾಸ, ಹೊಸ ಗಣಿತಗಳು ಆ ಅಂಗಳಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ.

ಚನ್ನಬಸಪ್ಪನವರು ಧಾರವಾಡದಲ್ಲಿ ಕಲಿತು, ಅಲ್ಲಿಂದ ಪುಣೆಗೆ ತೆರಳಿ ಇಂಗ್ಲಿಷ್ ವಿದ್ಯೆಯನ್ನು ಸಂಪಾದಿಸಿದರು. ಉಕ್ಕಿನ ಹಾದಿಯು ಆ ಪ್ರಾಂತಕ್ಕೆ ಬಾರದಿದ್ದ ಕಾಲವದು. ಲಿಂಗವಂತ ಮನೆತನಗಳಲ್ಲಿ ಇಂಗ್ಲಿಷ್ ಬಲ್ಲವರನ್ನು ಬೆರಳಿನಿಂದ ಎಣಿಸಬಹುದಾಗಿದ್ದಿತು. ಅಷ್ಟು ಕಲಿತವನಿಗೆ ಕಚೇರಿಯ ಗದ್ದುಗೆ ಸುಲಭವಾಗಿ ದೊರೆಯುತ್ತಿದ್ದಿತು. ಚನ್ನಬಸಪ್ಪನವರ ಕಾಯಕವು ವಿದ್ಯಾಖಾತೆಯಲ್ಲಿ ನೆಲೆಗೊಂಡಿತು. ಧಾರವಾಡದ ನಾರ್ಮಲ್ ಶಾಲೆಯ, ಎಂದರೆ ಉಪಾಧ್ಯಾಯರನ್ನು ತರಬೇತುಗೊಳಿಸುವ ಶಾಲೆಯ, ಮುಖ್ಯಾಧ್ಯಾಪಕತ್ವವನ್ನು ಅವರು ವಹಿಸಿದರು.

ಈ ಪದವಿಯ ಮಹತ್ವವನ್ನು ಅರಿಯಬೇಕಾದರೆ ಅಂದಿನ ಸಂಕಟವನ್ನು ತಿಳಿಯಬೇಕು. ೧೮೫೪ರಲ್ಲಿ ಇಂಗ್ಲೆಂಡಿನಿಂದ ಬಂದ ವಿದ್ಯಾವಿಷಯಕ ಆಜ್ಞಾಪತ್ರವು ದೇಶಭಾಷೆಗಳ ಮೂಲಕ ಸಾಮಾನ್ಯ ಜನರಿಗೆ ವಿದ್ಯೆಯು ತಲುಪಬೇಕೆಂದೂ, ಉಪಾಧ್ಯಾಯರ ತರಬೇತಿಗೆ ಶಾಲೆಗಳಾಗಬೇಕೆಂದೂ ವಿಧಿಸಿದ್ದಿತು. ಆದರೆ ಆಜ್ಞೆಯೊಂದರಿಂದಲೇ ಪಾಠ ನಡೆಯದು. ಕನ್ನಡ ಶಾಲೆಯನ್ನು ತೆರೆಯೆಂದರೆ ಕನ್ನಡದಲ್ಲಿ ಗಣಿತ ಹೇಳುವವರೆಲ್ಲಿ? ಭೂಗೋಲವನ್ನು ವಿವರಿಸುವವರೆಲ್ಲಿ? ಕಲಿಸುವವರಿಲ್ಲವಾದುದರಿಂದ ಶಾಲೆಯಿಲ್ಲ, ಶಾಲೆಯಿಲ್ಲದುದರಿಂದ ಕಲಿಸುವವರಿಲ್ಲ. ಈ ಗಂಟನ್ನು ಬಿಚ್ಚದೆ ಹೋದರೆ ಕನ್ನಡವು ಶಾಸ್ತ್ರವಿದ್ಯೆಗೆ ತಕ್ಕುದಲ್ಲವೆಂಬ ಅಪವಾದವೇ ನಿಜವಾಗಿ ಉಳಿಯುತ್ತಿದ್ದಿತು. ಹಳ್ಳಿಗಳಿಂದ ತರುಣರನ್ನು ಕರೆತಂದು, ವ್ಯಾಕರಣ ಗಣಿತಾದಿ ವಿಷಯಗಳನ್ನೂ ಕಲಿಸುವ ಕ್ರಮವನ್ನೂ ಹೇಳಿಕೊಟ್ಟು, ಮರಳಿ ಹಳ್ಳಿಗೆ ಕಳುಹುವ ನಾರ್ಮಲ್ ಶಾಲೆಯೇ ಆ ಗಂಟನ್ನು ಬಿಚ್ಚುವ ಕೈಯಾಯಿತು. ಒಬ್ಬ ಉಪಾಧ್ಯಾಯನು ಸಿದ್ಧನಾದರೆ ಒಂದು ಊರಿನ ಎರಡು ಮೂರು ತಲೆಮಾರುಗಳು ಅಕ್ಷರವಂತರಾಗುತ್ತಿದ್ದವು.

ಮುಂದೆ ಚನ್ನಬಸಪ್ಪನವರು ಬೆಳಗಾವಿಯ ಕಡೆಗೆ ಡೆಪ್ಯುಟಿ ಎಜ್ಯುಕೇಶನಲ್ ಇನ್‌ಸ್ಪೆಕ್ಟರರಾಗಿ ನಿಯಮಿತರಾದರು. ಆ ಪದವಿಯ ಮೊದಲ ಮಾತೇ ಜನರ ಬಾಯಲ್ಲಿ ಅವರ ಹೆಸರಿಗೆ ಅಂಟಿಕೊಂಡಿತು. ತರಬೇತಿನ ಶಾಲೆಯಲ್ಲಿ ಬಿತ್ತಿದ ಬೀಜವು ಹೊಲದಲ್ಲಿ ಹೇಗೆ ಬೆಳೆಯುವುದೆಂದು ನೋಡುವ ಅವಕಾಶವು ಅವರಿಗೆ ಇಲ್ಲಿ ದೊರೆಯಿತು. ಬೆಳಗಾವಿಯು ಎರಡು ನುಡಿಗಳು ಕೂಡುವ ಸೀಮೆ. ಕನ್ನಡ ಮಾತನಾಡುವ ಊರುಗಳಲ್ಲಿ ಕನ್ನಡ ಶಾಲೆಗಳಾಗಬೇಕೆಂಬುದೇ ಅವರ ಹಟ. ದಕ್ಷಿಣ ಭಾಗದ ವಿದ್ಯಾಧಿಕಾರಿಗಳಾಗಿದ್ದ ರಸೆಲ್ ಸಾಹೇಬರು ಈ ಕಾರ್ಯಕ್ಕೆ ಅನುಕೂಲರಾಗಿದ್ದುದು ನಾಡಿನ ಸುದೈವ. ಮರಾಠಿ ಶಾಲೆಗಳಿದ್ದ ಅನೇಕ ಕನ್ನಡ ಊರುಗಳಲ್ಲಿ ಕನ್ನಡ ಪಾಠವು ಆರಂಭವಾಯಿತು. ಮರಾಠಿಯ ಮೇಲಣ ದ್ವೇಷವು ಇದಕ್ಕೆ ಕಾರಣವಲ್ಲ. ಮಗುವು ತಾಯಿಯ ನುಡಿಯಲ್ಲಿ ಕಲಿತರೆ ವಿದ್ಯೆಯು ಮನಸ್ಸಿಗೆ ಇಳಿಯುವುದೆಂಬ ತಿಳಿವೇ ಕಾರಣ.

ದೂರದ ಹಳ್ಳಿಯಲ್ಲಿ ಒಂಟಿಯಾಗಿ ಕುಳಿತ ಉಪಾಧ್ಯಾಯನು ಕಲಿತುದನ್ನು ಮರೆಯುವುದು ಸಹಜ. ಅವನ ಕೈಗೆ ಹೊಸ ವಿಚಾರವು ತಲುಪುತ್ತಿರಬೇಕು. ಇದಕ್ಕೆಂದೇ ಹುಟ್ಟಿದುದು ಮಠಪತ್ರಿಕೆ. ಚನ್ನಬಸಪ್ಪನವರು ನಡೆಸಿದ ಈ ಪತ್ರಿಕೆಯ ಹೆಸರಿನಲ್ಲಿರುವ ಮಠವೆಂದರೆ ಶಾಲೆ. ಹಳೆಯ ಹೆಸರನ್ನು ತೊರೆಯದೆ ಹೊಸ ವಿದ್ಯೆಯನ್ನು ಅದರೊಳಗೆ ತುಂಬಿದ ಜಾಣ್ಮೆಯು ಮಠದ ಭಕ್ತರು ಮೆಚ್ಚತಕ್ಕದ್ದು. ಕಾಲಾಂತರದಲ್ಲಿ ಅದು ಶಾಲಾಪತ್ರಿಕೆಯಾಗಿ, ಆಮೇಲೆ ಜೀವನ ಶಿಕ್ಷಣವೆಂಬ ಹೆಸರಿನಿಂದ ಉಪಾಧ್ಯಾಯರ ಸೇವೆಯನ್ನು ಮುಂದುವರಿಸಿತು.

ಓದಲು ಕಲಿತವರಿಗೆ ಓದತಕ್ಕ ಪುಸ್ತಕಗಳೂ ಬೇಕಷ್ಟೆ. ಷೇಕ್ಸ್‌ಪಿಯರ್ ಮಹಾಕವಿಯ ದಿ ಕಾಮೆಡಿ ಆಫ್ ಎರರ್ಸ್ ಎಂಬ ನಾಟಕವನ್ನು ಚನ್ನಬಸಪ್ಪನವರು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಇದು ೧೮೭೧ರಲ್ಲಿ ಹೊರಬಂದಿತು. ಷೇಕ್ಸ್‌ಪಿಯರನನ್ನು ಕನ್ನಡಿಗರಿಗೆ ಪರಿಚಯಿಸಿದ ಮೊದಮೊದಲ ಪುಸ್ತಕಗಳಲ್ಲಿ ಇದೊಂದು. ಅವಳಿ ಒಡೆಯರೂ ಅವಳಿ ಆಳುಗಳೂ ಒಬ್ಬರಿಗೊಬ್ಬರು ಬದಲಾಗಿ ಕಾಣಿಸಿಕೊಂಡು ಊರನ್ನೆಲ್ಲ ತಬ್ಬಿಬ್ಬುಗೊಳಿಸುವ ಆ ಕಥೆಯನ್ನು ಆರಿಸಿಕೊಂಡುದರಲ್ಲಿಯೇ ಶಿಕ್ಷಕನ ಮನಸ್ಸು ಕಾಣುವುದು. ನಗುತ್ತ ಓದಿದವನು ಇನ್ನೊಂದು ಪುಸ್ತಕವನ್ನು ಕೇಳದಿರನು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ, ಚುರಮುರಿ ಶೇಷಗಿರಿರಾಯರು ಮೊದಲಾದ ಸಮಕಾಲೀನರೂ ಇದೇ ಕಾಲದಲ್ಲಿ ಆ ಸೀಮೆಯ ಕನ್ನಡವನ್ನು ಪುಸ್ತಕಗಳಿಂದ ಸಮೃದ್ಧಗೊಳಿಸಿದರು. ಜಾತಿಭೇದವಿಲ್ಲದೆ ಎಲ್ಲರೂ ನುಡಿಯ ಸೇವೆಗೆ ಕೈಜೋಡಿಸಿದ ಕಾಲವದು.

೧೮೮೧ರಲ್ಲಿ, ಐವತ್ತು ವರುಷಗಳು ತುಂಬುವ ಮೊದಲೇ, ಚನ್ನಬಸಪ್ಪನವರು ಲಿಂಗೈಕ್ಯರಾದರು. ತಾವು ನೆಟ್ಟ ಮರದ ಹಣ್ಣನ್ನು ಕಾಣುವ ಯೋಗವು ಅವರಿಗಿರಲಿಲ್ಲ. ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯೂ, ಮರುವರುಷ ಧಾರವಾಡದಲ್ಲಿ ಕರ್ನಾಟಕ ಕಾಲೇಜೂ ತಲೆಯೆತ್ತಿದವು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಹುಟ್ಟಿತು. ೧೯೫೬ರಲ್ಲಿ ಧಾರವಾಡ, ಬೆಳಗಾವಿಗಳೂ ಮಲೆನಾಡಿನ ಸಂಸೆ, ಕಳಸಗಳೂ ಒಂದೇ ರಾಜ್ಯದೊಳಗೆ ಕೂಡಿದವು. ಇವೆಲ್ಲವುಗಳ ಬುಡದಲ್ಲಿ ಕನ್ನಡ ಶಾಲೆಯ ಬಡ ಉಪಾಧ್ಯಾಯನು ಇದ್ದಾನೆ. ಅವನ ಹಿಂದೆ ಅವನನ್ನು ತಿದ್ದಿದ ಗುರುವಿದ್ದಾನೆ.

ಗುರುವಿಗೆ ಸಲ್ಲುವ ಸ್ಥಾನವೆಂತಹುದೆಂಬುದು ಶರಣರ ಧರ್ಮದವರಿಗೆ ಹೊಸತಾಗಿ ಹೇಳತಕ್ಕ ಮಾತಲ್ಲ. ಕಾಫಿಯ ತೋಟಗಳ ನಡುವೆ, ಮಳೆಗಾಲದಲ್ಲಿ ಹಳ್ಳ ದಾಟಿ ಬರುವ ಮಕ್ಕಳಿಗಾಗಿ ಬಾಗಿಲು ತೆರೆದು ಕಾಯುವ ಉಪಾಧ್ಯಾಯರು ಮಲೆಯ ಊರುಗಳಲ್ಲಿ ಇಂದಿಗೂ ಉಂಟು. ಅವರನ್ನು ಆದರಿಸುವುದೂ, ಬಡ ತರುಣರು ಉಪಾಧ್ಯಾಯರಾಗಲು ನೆರವಾಗುವುದೂ, ಮಕ್ಕಳನ್ನು ತಪ್ಪದೆ ಶಾಲೆಗೆ ಕಳುಹುವುದೂ ಚನ್ನಬಸಪ್ಪನವರಿಗೆ ಭಕ್ತಜನರು ಸಲ್ಲಿಸತಕ್ಕ ನಿಜವಾದ ಗೌರವ. ಮಠವೆಂಬ ಮಾತಿಗೆ ಶಾಲೆಯೆಂಬ ಅರ್ಥವೂ ಇದ್ದಿತೆಂಬುದನ್ನು ಈ ಮಹೋತ್ಸವದ ವೇಳೆಯಲ್ಲಿ ಶಿಷ್ಯವೃಂದವು ನೆನೆಯಲಿ. ಆ ಅರ್ಥವು ಎಂದೆಂದಿಗೂ ಬಾಡದಿರಲಿ.